ಮಡಿಕೇರಿಯ ಚಳಿಯಲ್ಲಿ ನೂರು ಲೀಟರ್ ಸಮುದ್ರ: ನನ್ನ ಹನ್ನೊಂದು ತಿಂಗಳು

ಕಕ್ಕಡ (ಆಟಿ) ತಿಂಗಳ ಮಳೆಗೆ ಮೊನ್ನೆ ನಮ್ಮ ಬೀದಿಯಲ್ಲಿ 38 ಗಂಟೆ ಕರೆಂಟ್ ಇರಲಿಲ್ಲ. ಮನೆಯಲ್ಲಿ ಉಪ್ಪುನೀರಿನಲ್ಲಿ ಮೀನು, ಹವಳ ಸಾಕುವ ನನ್ನ ಸಮುದ್ರದ ಟ್ಯಾಂಕ್ ಅಷ್ಟು ಹೊತ್ತೂ ಉಳಿಯಿತು. ಅದಾದ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಮಡಿಕೇರಿಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಎರಡು ವರ್ಷದ ಹಿಂದೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದಿದ್ದೆವು. ಬಂಡೆಯ ಮೇಲಿನ ಹವಳ, ಅದರ ಸಂದಿಯಲ್ಲಿ ಮೀನು. ಮಗಳು ಬಸ್ಸಿನಲ್ಲಿ ಮನೆ ತಲುಪುವವರೆಗೂ ಅದನ್ನೇ ಮಾತಾಡಿದಳು. ನನ್ನ ತಲೆಯಿಂದಲೂ ಅದು ಹೋಗಲಿಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು ಮಾಡಿದೆ.

ಈ ವಿಷಯದಲ್ಲಿ ನಮಗೆ ಸಿಗುವ ಸಲಹೆಯೆಲ್ಲ ಚೆನ್ನೈ, ಮುಂಬೈ, ಬೆಂಗಳೂರಿನವರದ್ದು. ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ, ಅದನ್ನು ತಣ್ಣಗೆ ಮಾಡುವ ಚಿಲ್ಲರ್ ಬೇಕು ಅಂತ ಅವರು ಹೇಳುತ್ತಾರೆ. ನಮ್ಮ ಹಾಲ್‌ನಲ್ಲಿ ಜುಲೈ ಮಧ್ಯಾಹ್ನ 19 ಡಿಗ್ರಿ, ಡಿಸೆಂಬರ್ ಬೆಳಗ್ಗೆ 16. ಹವಳಕ್ಕೆ ಬೇಕಾದದ್ದು 25ರ ಆಸುಪಾಸು. ಇಲ್ಲಿ ಖರ್ಚು, ಚಿಂತೆ, ನಿದ್ದೆಗೇಡು ಎಲ್ಲ ಈ ಆರರಿಂದ ಒಂಬತ್ತು ಡಿಗ್ರಿಯದ್ದೇ. ಕೊಡಗಿನಲ್ಲಿ ಟ್ಯಾಂಕ್ ಇಡಬೇಕು ಅನ್ನುವವರು ಮೀನಿನ ಪಟ್ಟಿ ಮಾಡುವ ಮೊದಲು ಕರೆಂಟಿನ ಲೆಕ್ಕ ಹಾಕಿ.

ಮೊದಲ ಮೂರು ವಾರ ನಾನು ಒಂದು ರೂಪಾಯಿಯ ಸಾಮಾನೂ ಕೊಳ್ಳಲಿಲ್ಲ. ಕಾನೂನು ಓದಿದೆ. ಇದನ್ನು ಯಾರೂ ಬಿಟ್ಟುಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಲ್ಲಿನ ಗೂಡು ಕಟ್ಟುವ ಹವಳಗಳೆಲ್ಲ ಇವೆ. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ, ಸಮುದ್ರ ಕುದುರೆ, ಸಮುದ್ರ ಸೌತೆ ಕೂಡ ಇವೆ. ಹುಲಿ, ಆನೆ ಇರುವ ಅದೇ ಅನುಸೂಚಿ. ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಹೊಸ ನಾಲ್ಕನೇ ಅನುಸೂಚಿ ಬಂದಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಲ್ಲಿರುವ ಜೀವಿಗಳ ಪಟ್ಟಿ ಅದು. ಅದರಲ್ಲಿರುವ ಜೀವಿಯನ್ನು ಮನೆಯಲ್ಲಿ ಸಾಕಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ನಾನು ಸಾಕಬೇಕು ಅಂದುಕೊಂಡ ಏಳು ಜೀವಿಗಳ ಶಾಸ್ತ್ರೀಯ ಹೆಸರು ಬರೆದುಕೊಂಡು ಅರಣ್ಯ ಇಲಾಖೆ ಕಚೇರಿಗೆ ಹೋದೆ. ಮೊದಲ ದಿನ ಸಾಹೇಬರು ಫೀಲ್ಡಿಗೆ ಹೋಗಿದ್ದರು. ಎರಡನೇ ಸಲ ಸಿಕ್ಕಿದರು. ಆನೆ ಹಾವಳಿಯ ಅರ್ಜಿಗಳ ನಡುವೆ ನನ್ನ ಹಾಳೆ ನೋಡಿ ಅವರಿಗೆ ಆಶ್ಚರ್ಯವಾಯಿತು. ಆದರೂ ಕೂರಿಸಿ, ಒಂದೊಂದೇ ಹೆಸರನ್ನು ಪಟ್ಟಿಯಲ್ಲಿ ಹುಡುಕಿದರು. "ಮೇಡಂ, ಕಲ್ಲುಹವಳ ಮಾತ್ರ ಯಾವುದೂ ಬೇಡ. ಬಾಕಿದಕ್ಕೆ ಬಿಲ್ ಇಟ್ಕೊಳ್ಳಿ" ಅಂದರು. ಕ್ಲೌನ್ ಮೀನು, ಅಣಬೆಯಂಥ ಮೆತ್ತನೆ ಮಶ್ರೂಮ್ ಹವಳ, ಹೂವಿನ ಗೊಂಚಲಿನಂತೆ ಬೆಳೆಯುವ ಹವಳದ ಬಳಗದ ಜೊವಾಂಥಿಡ್ ನನ್ನ ಹಾಳೆಯಲ್ಲಿ ಉಳಿದವು. ಕೊನೆಯ ಎರಡಕ್ಕೆ ಕಲ್ಲಿನ ಗೂಡು ಇರುವುದಿಲ್ಲ. ನೀವೂ ಕೊಳ್ಳುವ ಮೊದಲು ಹೀಗೆ ಹೆಸರು ಬರೆದುಕೊಂಡು ಹೋಗಿ ಕೇಳಿ. ಬಿಲ್ಲಿನಲ್ಲಿ ಬರೀ 'ಮೀನು 2' ಅಂತ ಬರೆಸಿಕೊಳ್ಳಬೇಡಿ. ಶಾಸ್ತ್ರೀಯ ಹೆಸರು, ಸಾಕಣೆಯಲ್ಲಿ ಹುಟ್ಟಿದ್ದು ಅನ್ನುವ ಮಾತು, ಎರಡೂ ಇರಲಿ. ಕ್ಲೌನ್ ಮೀನನ್ನು ಸಮುದ್ರದಿಂದ ಹಿಡಿದು ತರುವ ಅಗತ್ಯವೇ ಇಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ಹ್ಯಾಚರಿಯಲ್ಲೇ ಮರಿ ಮಾಡಿಸಿ ಬೆಳೆಸುವ ವಿಧಾನ ರೂಪಿಸಿದ್ದಾರೆ. ಒಂದು ಅಂಗಡಿಯವರು ಫೋನಿನಲ್ಲಿ "ಕಲ್ಲುಹವಳದ ತುಂಡು ಇದೆ, ಬಿಲ್ ಇಲ್ಲದೆ ಕಳಿಸ್ತೇನೆ" ಅಂದರು. ಆ ನಂಬರಿಗೆ ಮತ್ತೆ ಫೋನ್ ಮಾಡಲಿಲ್ಲ.

ಅಕ್ಟೋಬರ್‌ನಲ್ಲಿ ಟ್ಯಾಂಕ್. 24 ಇಂಚು ಉದ್ದ, 16 ಅಗಲ, 16 ಎತ್ತರ. ಹತ್ತಿರಹತ್ತಿರ ನೂರು ಲೀಟರ್. ಇನ್ನೂ ಚಿಕ್ಕದು ಮಾಡಿದರೆ ಖರ್ಚು ಕಡಿಮೆ ಅಂತ ಇವರು ಹೇಳಿದರು. ಆದರೆ ನೀರು ಕಡಿಮೆಯಾದಷ್ಟೂ ಬಿಸಿ, ಉಪ್ಪು ಎರಡೂ ಬೇಗ ಏರುಪೇರಾಗುತ್ತವೆ. ಮೊದಲ ಟ್ಯಾಂಕಿಗೆ ಇದಕ್ಕಿಂತ ಚಿಕ್ಕದು ಬೇಡ ಅಂತ ಈಗಲೂ ಹೇಳುತ್ತೇನೆ. ಮೈಸೂರಿನಲ್ಲಿ 8 ಮಿಲಿಮೀಟರ್ ಗಾಜಿನಲ್ಲಿ ಮಾಡಿಸಿದೆ, 4,800 ರೂಪಾಯಿ. ಕಬ್ಬಿಣದ ಸ್ಟ್ಯಾಂಡ್ 4,200. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ ನೂರೈವತ್ತು ಕಿಲೋ ಆಗುತ್ತದೆ. ನಮ್ಮದು ಹಳೆ ಮನೆ. ಮಾಳಿಗೆಯಲ್ಲಿ ಹಲಗೆ ನೆಲ, ಅಲ್ಲಿ ಇಡುವ ಹಾಗಿಲ್ಲ. ಕೆಳಗೆ ರೆಡ್ ಆಕ್ಸೈಡ್ ನೆಲದ ಮೇಲೆ, ಹೊರಗೋಡೆಗೆ ತಾಗದ ಹಾಗೆ, ಒಳಗೋಡೆಗೆ ಒತ್ತಿ ಇಟ್ಟೆವು. ಆಚಾರ್ರು ರಸಮಟ್ಟ ಇಟ್ಟು ನೋಡಿದಾಗ ನೆಲ ಒಂದು ಕಡೆ ಅರ್ಧ ಇಂಚು ಇಳಿದಿತ್ತು. ಅದನ್ನು ಸರಿ ಮಾಡಲು ಒಂದು ಇಡೀ ಭಾನುವಾರ ಹೋಯಿತು. ಮಟ್ಟವಿಲ್ಲದ ಟ್ಯಾಂಕಿನ ಗಾಜು ಒಂದಲ್ಲ ಒಂದು ದಿನ ಬಿಡುತ್ತದೆ, ಆ ಭಾನುವಾರ ಕಳೆಯಲೇಬೇಕು.

ಕಲ್ಲು ಒಣಗಿದ್ದು, ಕಾರ್ಖಾನೆಯಲ್ಲಿ ಮಾಡಿದ್ದು, ಹತ್ತು ಕಿಲೋ. ಸಮುದ್ರದಿಂದ ಕಿತ್ತು ತಂದ ಕಲ್ಲು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಲೈಟ್ 9,500. ಎರಡು 75 ವ್ಯಾಟ್ ಹೀಟರ್, ಅದಕ್ಕೊಂದು ಕಂಟ್ರೋಲರ್, 4,600. 150 ವ್ಯಾಟಿನದ್ದು ಒಂದೇ ಇಟ್ಟರೆ ಅದು ಕೆಟ್ಟಾಗ ಎಲ್ಲವೂ ಹೋಗುತ್ತದೆ. ಹೀಟರ್ ಆಫ್ ಆಗದೆ ಸಿಕ್ಕಿಕೊಂಡರೂ ಅಷ್ಟೇ, ನೀರು ಕುದಿಸಿದ ಹಾಗೆ ಆಗಿಬಿಡುತ್ತದೆ. ಎರಡು ಚಿಕ್ಕದು ಇದ್ದರೆ ಎರಡೂ ಅಪಾಯ ಕಡಿಮೆ. ಅಲೆ ಎಬ್ಬಿಸುವ ಪಂಪಿನ ಬಾಯಿಯನ್ನು ನೀರಿನ ಮೇಲ್ಮೈ ಕಡೆ ತಿರುಗಿಸಿದ್ದೇನೆ. ಮಡಿಕೇರಿ ಸಮುದ್ರ ಮಟ್ಟದಿಂದ 1,150 ಮೀಟರ್‌ಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರಿನಲ್ಲಿ ಕರಗುವ ಆಮ್ಲಜನಕವೂ ಕರಾವಳಿಗಿಂತ ಸುಮಾರು ಶೇ 13 ಕಡಿಮೆ. ಮೇಲ್ಮೈ ಕದಡುತ್ತಲೇ ಇರಬೇಕು.

ಉಪ್ಪು, ನೀರಿನಲ್ಲಿ ಕರಗಿದ್ದನ್ನೆಲ್ಲ ತೆಗೆಯುವ ಆರ್‌ಓ-ಡಿಐ ಫಿಲ್ಟರ್, ಟೆಸ್ಟ್ ಕಿಟ್, ಮರಳು ಎಲ್ಲ ಸೇರಿ ಒಂದು ಜೀವಿಯೂ ಬರುವ ಮೊದಲೇ 55,800 ರೂಪಾಯಿ ಆಗಿತ್ತು. ನಾನು ಅಂದುಕೊಂಡಿದ್ದು ಮೂವತ್ತು ಸಾವಿರ.

ನಮ್ಮ ಬಾವಿ ನೀರು ತುಂಬ ಮೆದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 48 ತೋರಿಸುತ್ತಿತ್ತು. ಇಷ್ಟು ಒಳ್ಳೆ ನೀರಿಗೆ ಫಿಲ್ಟರ್ ಯಾಕೆ ಅಂತ ಅತ್ತೆ ಕೇಳಿದರು. ಸುತ್ತ ಕಾಫಿ ತೋಟ. ಗೊಬ್ಬರದ ನೈಟ್ರೇಟ್, ಫಾಸ್ಫೇಟ್ ಮಳೆಗೆ ಇಳಿದು ಬಾವಿ ಸೇರಬಹುದು. ಅದಕ್ಕೇ ಫಿಲ್ಟರ್ ಹಾಕಿಸಿದೆ. ಫಿಲ್ಟರಿನ ನಲ್ಲಿಯಲ್ಲಿ ಮೀಟರ್ ಸೊನ್ನೆ ತೋರಿಸಿತು. ನೀರು ನಿಧಾನಕ್ಕೆ ಬರುತ್ತದೆ, ನೂರು ಲೀಟರ್ ತುಂಬಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಿಡಿದಿಡಲು ದೊಡ್ಡ ಪಾತ್ರೆ ಬೇಕಲ್ವಾ? ಸುಂಟಿಕೊಪ್ಪದ ತೋಟದ ಗೋಡೌನಿನಲ್ಲಿ ಒಂದು ನೀಲಿ ಡ್ರಮ್ ಖಾಲಿ ಇತ್ತು. ಅದನ್ನು ತಂದು ಮೂರು ಸಲ ತೊಳೆದೆ. ಈ ಡ್ರಮ್ಮಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಉಪ್ಪು ಲೀಟರಿಗೆ 38 ಗ್ರಾಂ. ಅಡುಗೆ ಉಪ್ಪಲ್ಲ, ಹವಳದ ಟ್ಯಾಂಕಿಗೆಂದೇ ಬರುವ ಮಿಶ್ರಣ. ಪಂಪ್ ಹಾಕಿ ಒಂದು ರಾತ್ರಿ ಕಲಸಿ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.026 ಬರುವವರೆಗೆ ಸರಿಮಾಡಿದೆ. ಆ ಮೀಟರನ್ನು ಸಿಹಿನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. 35 ಪಿಪಿಟಿ, ಅಂದರೆ ಸಾವಿರದಲ್ಲಿ 35 ಪಾಲು ಉಪ್ಪಿರುವ ದ್ರಾವಣದ ಚಿಕ್ಕ ಬಾಟಲಿ ಸಿಗುತ್ತದೆ, ಅದರಿಂದ ಸರಿ ಮಾಡಿಕೊಳ್ಳಿ. ಕಣ್ಣೂರಿಗೋ ಮಂಗಳೂರಿಗೋ ಹೋಗಿ ಸಮುದ್ರದ ನೀರನ್ನೇ ತರಬಾರದಾ ಅಂತ ಕೆಲವರು ಕೇಳಿದರು. ಮಳೆಗಾಲದಲ್ಲಿ ದಡದ ನೀರು ಕೆಂಪು, ಹೊಳೆ ನೀರು ಸೇರಿ ಉಪ್ಪೂ ಕಡಿಮೆ. ಘಾಟಿ ಹತ್ತಿಸಿ ವಾರವಾರ ಕ್ಯಾನ್ ತರುವುದು ಆಗದ ಮಾತು.

ನವೆಂಬರ್ 10ಕ್ಕೆ ಟ್ಯಾಂಕ್ ತುಂಬಿತು. ಆಮೇಲೆ ಬರೀ ಕಾಯುವುದು. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಮೀನಿಗೆ ಭಾರೀ ವಿಷ, ಉಪ್ಪುನೀರಿನಲ್ಲಿ ಉಳಿದೆರಡು ಅಷ್ಟಿಲ್ಲ. ಆ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಬೆಳೆಯಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ 2 ಪಾಲು) ತಂದು, ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಟೆಸ್ಟ್ ಮಾಡಿದೆ. ಹನ್ನೆರಡು ದಿನ ಬಣ್ಣ ಬದಲಾಗಲೇ ಇಲ್ಲ. ಹದಿನೇಳನೇ ದಿನ ನೈಟ್ರೈಟ್ ಏರಿತು. ಹುತ್ತರಿ ಹಬ್ಬಕ್ಕೆ ಮನೆ ತುಂಬ ನೆಂಟರು. ಖಾಲಿ ಕಲ್ಲಿನ ಟ್ಯಾಂಕ್ ನೋಡಿ "ಮೀನು ಎಲ್ಲಿ?" ಅಂತ ಎಲ್ಲರೂ ಕೇಳಿದರು. ಒಂದಾದರೂ ಬಿಡೋಣ ಅನ್ನಿಸುವುದು ಆಗಲೇ. ಬಿಡಬೇಡಿ. 38ನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು.

ಡಿಸೆಂಬರ್ ಕೊನೆಯಲ್ಲಿ ಪಾಚಿ ತಿನ್ನುವ ನಾಲ್ಕು ಬಸವನಹುಳು, ಒಂದು ಸಿಗಡಿ ತರಿಸಿದೆ. ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸಿ ಎರಡು ಗಂಟೆ ಹೊಂದಿಸಿ ಬಿಟ್ಟೆ. ಮರುದಿನ ಬೆಳಗ್ಗೆ ಹುಳುಗಳೆಲ್ಲ ಬಾಯಿ ಮುಚ್ಚಿ ಮರಳ ಮೇಲೆ ಮಗುಚಿ ಬಿದ್ದಿದ್ದವು. ಸಿಗಡಿ ಸಂಜೆಯವರೆಗೆ ಒದ್ದಾಡಿತು. ಮಗಳು ಶಾಲೆಯಿಂದ ಬರುವ ಮೊದಲು ಸತ್ತಿತು. ಅಮೋನಿಯಾ ಸೊನ್ನೆ, ಉಪ್ಪು ಸರಿ, ಬಿಸಿ ಸರಿ. ನನಗೆ ಏನೂ ಅರ್ಥವಾಗಲಿಲ್ಲ. ಆ ರಾತ್ರಿ ಟ್ಯಾಂಕಿನ ಲೈಟ್ ಹಾಕಲು ಮನಸ್ಸಾಗಲಿಲ್ಲ.

ಕಾರಣ ಸಿಕ್ಕಿದ್ದು ತೋಟದಲ್ಲಿ. ಭಾನುವಾರ ಅಲ್ಲಿ ಹೋದಾಗ, ಕೆಲಸಕ್ಕೆ ಬರುವ ಹುಡುಗ ಕೇಳಿದ. "ಅಕ್ಕಾ, ಆ ನೀಲಿ ಡ್ರಮ್ ತಗೊಂಡು ಹೋದ್ರಾ? ಅದು ಮದ್ದು ಕಲಸುವ ಡ್ರಮ್ಮಲ್ವಾ?"

ಮದ್ದು ಅಂದರೆ ಬೋರ್ಡೋ ದ್ರಾವಣ. ಮಳೆಗೆ ಮುಂಚೆ ಕಾಫಿಗೂ ಕಾಳುಮೆಣಸಿನ ಬಳ್ಳಿಗೂ ಹೊಡೆಯುವುದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಸಿಗಡಿ, ಬಸವನಹುಳು, ಹವಳಕ್ಕೆ ತಾಮ್ರದಷ್ಟು ಕೆಟ್ಟದ್ದು ಬೇರೆ ಇಲ್ಲ, ಬಹಳ ಸ್ವಲ್ಪ ಇದ್ದರೂ ಸಾಕು. ನಾನು ಔಷಧಿಯವಳು, ಇದು ನನಗೆ ಹೊಳೆಯಬೇಕಿತ್ತು. ತಾಮ್ರದ ಕಿಟ್ ತರಿಸಲು ನಾಲ್ಕು ದಿನ ಬೇಕಾಯಿತು. ಟೆಸ್ಟ್ ಮಾಡಿದರೆ ನೀರು ನೀಲಿಗೆ ತಿರುಗಿತು. ನಲ್ಲಿಯಲ್ಲಿ ಸೊನ್ನೆ ಇದ್ದ ನೀರು ಡ್ರಮ್ಮಿಗೆ ಬಿದ್ದ ಮೇಲೆ ಕೆಟ್ಟಿತ್ತು. ನಾನು ಮೀಟರ್ ಹಿಡಿದದ್ದು ನಲ್ಲಿಗೆ ಮಾತ್ರ.

ಕೊಡಗಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ. ತೋಟದ ಡ್ರಮ್, ಬಕೆಟ್, ಮಗ್, ಪೈಪ್, ಸ್ಪ್ರೇಯರ್ ಇದ್ದ ಕೋಣೆಯ ಯಾವ ಸಾಮಾನೂ ಬೇಡ. ಹೊಸ ಡ್ರಮ್ ಕೊಳ್ಳಿ. ಹಿತ್ತಾಳೆ ನಲ್ಲಿ, ತಾಮ್ರದ ಹಂಡೆಯ ನೀರನ್ನೂ ಟ್ಯಾಂಕಿಗೆ ಹಾಕಬೇಡಿ. ಮದ್ದು ಹೊಡೆಯುವ ದಿನಗಳಲ್ಲಿ ಮಾಡಿನ ಮಳೆನೀರು ಹಿಡಿದು ಬಳಸಬೇಡಿ. ಅಂಗಳಕ್ಕೆ ತಾಗಿ ಬಳ್ಳಿ ಇದ್ದರೆ ಕಿಟಕಿಯನ್ನೂ ಮುಚ್ಚಿ.

ನೀರನ್ನೆಲ್ಲ ಚೆಲ್ಲಿದೆ. ಮರಳು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನೂ ಎಸೆದೆ. ಕಲ್ಲನ್ನು ಹೊಸ ಉಪ್ಪುನೀರಿನಲ್ಲಿ ಮೂರು ಸಲ ನೆನೆಸಿ, ತಾಮ್ರ ಹೀರುವ ರೆಸಿನ್ ಹಾಕಿ, ಕಿಟ್ ಏನೂ ತೋರಿಸದವರೆಗೆ ಕಾದೆ. ಆರು ವಾರ, ನಾಲ್ಕೂವರೆ ಸಾವಿರ ರೂಪಾಯಿ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿತ್ತು. ಮತ್ತೆ ಅಮೋನಿಯಾ, ಮತ್ತೆ ಟೆಸ್ಟ್. ನಿಲ್ಲಿಸಿಬಿಡೋಣವಾ ಅಂತ ಇವರನ್ನು ಕೇಳಿದ್ದೆ. "ಇಷ್ಟು ಮಾಡಿದ್ದಿ, ಇನ್ನೊಂದು ತಿಂಗಳು ನೋಡು" ಅಂದರು.

ಫೆಬ್ರವರಿಯಲ್ಲಿ ಬಸವನಹುಳು ಬದುಕಿದವು. ಮೂರನೇ ದಿನ ಗಾಜಿನ ಮೇಲೆ ಅವು ತಿಂದು ಹೋದ ದಾರಿ ಕಂಡಾಗ ಆದ ಸಂತೋಷ ಈಗಲೂ ನೆನಪಿದೆ.

ಕ್ಲೌನ್ ಮೀನು ಎರಡನ್ನು ಬೆಂಗಳೂರಿನ ಅಂಗಡಿಯವರು ರಾತ್ರಿ ಬಸ್ಸಿಗೆ ಹಾಕಿದರು. ಬೆಳಗ್ಗೆ ಐದಕ್ಕೆ ಸ್ಟ್ಯಾಂಡಿನಲ್ಲಿ ಬಾಕ್ಸ್ ಇಳಿಸಿಕೊಂಡೆ. ಥರ್ಮಕೋಲ್ ಪೆಟ್ಟಿಗೆ ಹಾಕಿರಲಿಲ್ಲ, ಬರೀ ರಟ್ಟಿನ ಡಬ್ಬ. ಚೀಲದ ನೀರು 18 ಡಿಗ್ರಿ. ಒಂದು ಮೀನು ಸತ್ತಿತ್ತು. ಇನ್ನೊಂದು ಮಗ್ಗುಲಾಗಿ ತೇಲುತ್ತಿತ್ತು. ಚೀಲವನ್ನು ನಿಧಾನಕ್ಕೆ ಬಿಸಿಗೆ ತಂದು, ಮಧ್ಯಾಹ್ನದ ಹೊತ್ತಿಗೆ ಬಿಟ್ಟೆ. ಅದು ಉಳಿಯಿತು. ಜೊತೆಯ ಮೀನಿಗೆ ಮಾರ್ಚ್‌ನಲ್ಲಿ ನಾನೇ ಕಾರಿನಲ್ಲಿ ಹೋಗಿಬಂದೆ. ಥರ್ಮಕೋಲ್ ಪೆಟ್ಟಿಗೆ, ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಒಂದು. ಕುಶಾಲನಗರ ದಾಟಿ ಚಳಿ ಶುರುವಾದ ಮೇಲೆ ಕಾರಿನ ಹೀಟರ್ ಹಾಕಿದೆ. ಮೇಲೆ ಬಂದ ಹಾಗೆ ಚೀಲ ಸ್ವಲ್ಪ ಉಬ್ಬುತ್ತದೆ, ಹೆದರಬೇಡಿ, ಅದು ಗಾಳಿಯ ಒತ್ತಡದ್ದು. ಎರಡನೆಯದನ್ನು ಚಿಕ್ಕದಾಗಿ ಆರಿಸಿದ್ದೆ. ಕ್ಲೌನ್ ಮೀನು ಹುಟ್ಟುವಾಗ ಹೆಣ್ಣಾಗಿರುವುದಿಲ್ಲ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಚಿಕ್ಕದು ಗಂಡಾಗಿ ಉಳಿಯುತ್ತದೆ. ಒಂದೇ ಗಾತ್ರದವು ಆದರೆ ಜಗಳ ಜಾಸ್ತಿ. ನೂರು ಲೀಟರಿಗೆ ಈ ಎರಡು, ಜೊತೆಗೆ ಇನ್ನೊಂದು ಚಿಕ್ಕ ಮೀನು ಸಾಕು.

ಏಪ್ರಿಲ್‌ನಲ್ಲಿ ಮಶ್ರೂಮ್ ಹವಳ ಮೂರು, ಜೊವಾಂಥಿಡ್ ಒಂದು ಕಲ್ಲು. ಜೊವಾಂಥಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿ. ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಅದು ಅಂಟಿದ ಕಲ್ಲನ್ನು ಯಾವತ್ತೂ ಬಿಸಿನೀರಿನಲ್ಲಿ ಕುದಿಸಬೇಡಿ, ಆವಿಯೇ ಅಪಾಯ. ಗಾಜಿನ ಮೇಲೆ ಕಂದು ಪಾಚಿ ಬಂತು, ಆಮೇಲೆ ಕೂದಲಿನ ಹಾಗೆ ಹಸಿರು ಪಾಚಿ. ಕೈಯಲ್ಲಿ ಕಿತ್ತೆ, ಲೈಟನ್ನು ಎಂಟು ಗಂಟೆಗೆ ಇಳಿಸಿದೆ, ವಾರಕ್ಕೆ ಎಂಟು ಒಂಬತ್ತು ಲೀಟರ್ ನೀರು ಬದಲಾಯಿಸುತ್ತಾ ಬಂದೆ. ಎರಡು ತಿಂಗಳಲ್ಲಿ ಅದೇ ಹೋಯಿತು. ಆವಿಯಾಗಿ ಕಡಿಮೆಯಾದಷ್ಟು ನೀರಿಗೆ ಸಿಹಿನೀರನ್ನೇ ಹಾಕಬೇಕು. ಉಪ್ಪು ಆವಿಯಾಗುವುದಿಲ್ಲ.

ಜೂನ್‌ನಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮಳೆಗೆ ಕಿಟಕಿ ಬಾಗಿಲೆಲ್ಲ ಮುಚ್ಚಿ, ಬಟ್ಟೆ ಒಣಗಿಸಲು ಅಗ್ಗಿಷ್ಟಿಕೆ ಇಟ್ಟಿದ್ದೆವು. ಟ್ಯಾಂಕಿನ ಪಿಹೆಚ್ 8.1ರಿಂದ 7.7ಕ್ಕೆ ಇಳಿಯಿತು. ಕೋಣೆಯಲ್ಲಿ ತುಂಬಿದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಹೀಗಾಗುತ್ತದೆ. ರಾಸಾಯನಿಕ ಏನೂ ಸುರಿಯಲಿಲ್ಲ. ಅಗ್ಗಿಷ್ಟಿಕೆಯನ್ನು ಹಿಂದಿನ ಚಾವಡಿಗೆ ಹಾಕಿ, ಮೇಲಿನ ಕಿಟಕಿ ನಾಲ್ಕು ಬೆರಳು ತೆರೆದಿಟ್ಟೆ. ಎರಡು ದಿನದಲ್ಲಿ ಸರಿಯಾಯಿತು. ಮನೆಯವರ ಆರೋಗ್ಯಕ್ಕೂ ಅದೇ ಒಳ್ಳೆಯದು.

ಕರೆಂಟಿನ ತಯಾರಿಯನ್ನು ಮೇ ತಿಂಗಳಲ್ಲೇ ಮಾಡಿದ್ದೆ. ಒಂದು ರಾತ್ರಿ ಬೇಕೆಂದೇ ಹೀಟರ್ ಆಫ್ ಮಾಡಿ ನೋಡಿದೆ. ಆರು ಗಂಟೆಯಲ್ಲಿ 25.4ರಿಂದ 22.6ಕ್ಕೆ ಇಳಿಯಿತು. ಇನ್ನೊಂದು ರಾತ್ರಿ ಸುತ್ತ ಥರ್ಮಕೋಲ್ ಶೀಟ್ ಇಟ್ಟು ಕಂಬಳಿ ಹೊದೆಸಿದಾಗ ಇಳಿದದ್ದು ಅದರ ಅರ್ಧ. ಈ ಪರೀಕ್ಷೆಯನ್ನು ಜೀವಿಗಳನ್ನು ಬಿಡುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. 150 ಎಎಚ್ ಬ್ಯಾಟರಿಯ ಇನ್ವರ್ಟರ್‌ನಲ್ಲಿ ಹೀಟರ್ ಓಡಿಸಿದರೆ ಅರ್ಧ ದಿನಕ್ಕೆ ಖಾಲಿ. ಅಲೆಯ ಪಂಪ್ ಒಂದೇ ಓಡಿಸಿದರೆ ಎರಡು ದಿನ ಬರುತ್ತದೆ. ಹಾಗಾಗಿ ಪಂಪ್ ಮಾತ್ರ ಇನ್ವರ್ಟರ್‌ಗೆ. ಮೀನಿಗೆ ಚಳಿಗಿಂತ ಮೊದಲು ಅಪಾಯ ಉಸಿರಿನದ್ದು.

ಮೊನ್ನೆ ಮಂಗಳವಾರ ರಾತ್ರಿ ಎಂಟಕ್ಕೆ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು. ಥರ್ಮಕೋಲ್, ಅದರ ಮೇಲೆ ಎರಡು ಕಂಬಳಿ. ಮೇಲೆ ಗಾಳಿಗೆ ಸ್ವಲ್ಪ ಜಾಗ ಬಿಟ್ಟೆ. ಬಚ್ಚಲಿನ ಹಂಡೆಗೆ ಸೌದೆ ಹಾಕಿ, ಎರಡು ಲೀಟರಿನ ಬಾಟಲಿಗಳಿಗೆ ಬಿಸಿನೀರು ತುಂಬಿ, ಹೊರಮೈ ಚೆನ್ನಾಗಿ ತೊಳೆದು, ಮುಚ್ಚಳ ಬಿಗಿ ಮಾಡಿ ಒಂದೊಂದೇ ತೇಲಿಬಿಟ್ಟೆ. ಒಂದು ಬಾಟಲಿ ಹತ್ತಿರಹತ್ತಿರ ಒಂದು ಡಿಗ್ರಿ ಏರಿಸುತ್ತದೆ. ಮೂರು ಗಂಟೆಗೊಂದು ಬಾಟಲಿ. ರಾತ್ರಿ ಹನ್ನೊಂದಕ್ಕೆ ಇವರು, ಎರಡಕ್ಕೆ ನಾನು, ಐದಕ್ಕೆ ಅತ್ತೆ. ಫಿಲ್ಟರ್ ಯಾಕೆ ಅಂತ ಕೇಳಿದ್ದ ಅತ್ತೆಯೇ ಬೆಳಗ್ಗೆ ಟಾರ್ಚ್ ಹಿಡಿದು "23.8 ಇದೆ ನೋಡೇ" ಅಂತ ನನ್ನನ್ನು ಎಬ್ಬಿಸಿದರು. 23.4ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆ ಎರಡು ದಿನ ಮೀನಿಗೆ ಊಟ ಹಾಕಲಿಲ್ಲ. ತಿಂದರೆ ಕಸ, ಕಸಕ್ಕೆ ಆಮ್ಲಜನಕ ಬೇಕು. ಗುರುವಾರ ಬೆಳಗ್ಗೆ ಹತ್ತಕ್ಕೆ ಕರೆಂಟ್ ಬಂತು. ಮಶ್ರೂಮ್‌ಗಳು ಮುದುಡಿಕೊಂಡಿದ್ದವು, ಸಂಜೆಗೆ ಅಂಗೈಯಷ್ಟು ಅರಳಿದವು.

ತಿಂಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿದ್ಯುತ್ 60ರಿಂದ 70 ಯೂನಿಟ್ ಜಾಸ್ತಿ, ಅದರಲ್ಲಿ ಹೆಚ್ಚಿನದು ಹೀಟರಿನದ್ದು. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಯೂನಿಟ್ ದಾಟಿತು. ಹಾಗಾಗಿ ಸೊನ್ನೆ ಬರುತ್ತಿದ್ದ ಬಿಲ್ ಈಗ ಬರುತ್ತಿದೆ. ಉಪ್ಪು, ಫಿಲ್ಟರ್, ಮೀನಿನ ಊಟಕ್ಕೆ ಏಳೆಂಟು ನೂರು.

ಹೀಟರ್‌ಗಳಲ್ಲಿ ಒಂದರ ಗಾಜಿನೊಳಗೆ ಮೊನ್ನೆಯಿಂದ ಆವಿ ಕಟ್ಟಿದ ಹಾಗೆ ಕಾಣುತ್ತಿದೆ. ಅದನ್ನು ತೆಗೆದು, ಕಪಾಟಿನಲ್ಲಿಟ್ಟಿದ್ದ ಹೊಸದನ್ನು ಹಾಕಿದ್ದೇನೆ. ಶುಕ್ರವಾರ ಸಂತೆಗೆ ಹೋದಾಗ ಇನ್ನೆರಡು ಥರ್ಮಕೋಲ್ ಶೀಟ್ ತರಬೇಕು.